ಹೊಟ್ಟೆಯ ಗಡ್ಡೆ: ತಟ್ಟಿ ಕೇಳಿದವರ ಚರಿತ್ರೆ

ಈ ಹೊತ್ತಿನ ಮಾತು ರಾಜರ ಚರಿತ್ರೆಯಲ್ಲ, ಕೋಟೆ ಕೊತ್ತಲಗಳ ಚರಿತ್ರೆಯೂ ಅಲ್ಲ. ನಮ್ಮ ನಿಮ್ಮೆಲ್ಲರ ಹೊಟ್ಟೆಗೆ ಸಂಬಂಧಿಸಿದ ಚರಿತ್ರೆ. ವೈದ್ಯನಲ್ಲದವನಿಗೆ ಇದರ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಾನು ಬ್ಯಾಂಕಿನ ಕೌಂಟರಿನ ಹಿಂದೆ ಮೂವತ್ತಕ್ಕೂ ಹೆಚ್ಚು ವರ್ಷ ಕೂತವನು. ಜನ ಒಡವೆ ಅಡವಿಡಲು, ಠೇವಣಿಯನ್ನು ಅವಧಿಗೆ ಮುಂಚೆ ಮುರಿಸಲು ಬರುವ ಕಾರಣಗಳಲ್ಲಿ ಮದುವೆ ಒಂದು, ಬೋರ್‌ವೆಲ್ ಒಂದು, ಕಾಯಿಲೆ ಇನ್ನೊಂದು. ಕಾಯಿಲೆಗಳಲ್ಲೂ ‘ಹೊಟ್ಟೆಯಲ್ಲಿ ಗಡ್ಡೆ’ ಎಂಬ ಎರಡು ಮಾತು ಹೇಳುವಾಗ ಎಂಥವರ ದನಿಯೂ ಇಳಿಯುತ್ತಿತ್ತು. ಆ ಎರಡು ಮಾತಿನ ಹಿಂದೆ ಏನೇನಿದೆ ಎಂದು ನಿವೃತ್ತನಾದ ಮೇಲೆ ಓದಿ, ತಿಳಿದವರನ್ನು ಕೇಳಿ ಅರಿತುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಗಡಿನಾಡಿನ ನಮಗೆ ಈ ಒಂದು ವಸ್ತುವಿಗೆ ಎಷ್ಟು ಹೆಸರು ನೋಡಿ. ಮನೆಯಲ್ಲಿ ನಾವು ಗಡ್ಡೆ ಎನ್ನುತ್ತೇವೆ, ಗಂಟು ಎನ್ನುತ್ತೇವೆ. ಆದೋನಿ, ರಾಯದುರ್ಗದ ಕಡೆ ತೆಲುಗಿನವರು ಗಡ್ಡ ಎನ್ನುತ್ತಾರೆ. ತಾಳವಾಡಿಯವರು ಘಾಟಿ ಇಳಿದು ಹೋದರೆ ಅಲ್ಲಿ ಅದು ಕಟ್ಟಿ. ಸೊಲ್ಲಾಪುರ, ಜತ್ತದ ಕಡೆ ಗಾಠ. ಕಾಸರಗೋಡಿನಲ್ಲಿ ಮಲಯಾಳದ ವೈದ್ಯರು ಮುಳ ಎನ್ನುತ್ತಾರೆ. ಯಾವ ಭಾಷೆಯಲ್ಲಿ ಹೇಳಿದರೂ ಕೇಳಿದವರ ಮನಸ್ಸು ಹೋಗಿ ನಿಲ್ಲುವುದು ಒಂದೇ ಕಡೆ: ಕ್ಯಾನ್ಸರ್. ಆದರೆ ಹೊಟ್ಟೆಯಲ್ಲಿ ಕೈಗೆ ಸಿಗುವ ಗಡ್ಡೆಗಳೆಲ್ಲ ಕ್ಯಾನ್ಸರ್ ಅಲ್ಲ. ಕೆಲವು ನೀರು ತುಂಬಿದ ಚೀಲಗಳು, ಕೆಲವು ಕ್ಷಯದ ಗಂಟುಗಳು, ಕೆಲವು ಹುಳುವಿನ ಮನೆಗಳು. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ ಥರ. ಇದು ಇಂಥದ್ದು ಎಂದು ವಿಂಗಡಿಸಿ ಹೇಳಲು ಮನುಷ್ಯನಿಗೆ ಎರಡು ಸಾವಿರ ವರ್ಷಗಳೇ ಬೇಕಾದವು.

ನಮ್ಮ ದೇಶದಿಂದಲೇ ಶುರು ಮಾಡೋಣ. ಚರಕ ಸಂಹಿತೆಯಲ್ಲಿ ‘ಗುಲ್ಮ’ ಎಂಬ ರೋಗದ ಮಾತು ಬರುತ್ತದೆ. ಗುಲ್ಮ ಎಂದರೆ ಪೊದೆ. ಹೊಟ್ಟೆಯಲ್ಲಿ ಪೊದೆಯಂತೆ ಗುಂಪುಗೂಡಿ ಕೈಗೆ ಸಿಗುವುದು ಎಂದು ಅರ್ಥ. ಗುಲ್ಮಗಳು ಐದು ಬಗೆ ಎಂದು ಹೇಳಿ, ಅವುಗಳಲ್ಲಿ ರಕ್ತಗುಲ್ಮವು ಹೆಂಗಸರಲ್ಲಿ ಮಾತ್ರ ಕಾಣುವಂಥದ್ದು, ನೋಡಲು ಥೇಟ್ ಬಸಿರಿನಂತೆಯೇ ಇರುವುದು ಎಂದು ವಿವರಿಸುತ್ತಾರೆ. ಮುಟ್ಟು ನಿಲ್ಲುತ್ತದೆ, ಹೊಟ್ಟೆ ಬೆಳೆಯುತ್ತದೆ. ಹಾಗಾದರೆ ಬಸಿರೋ ಗುಲ್ಮವೋ ತಿಳಿಯುವುದು ಹೇಗೆ? ಮಗುವಾದರೆ ಕೈಕಾಲು ಬೇರೆ ಬೇರೆಯಾಗಿ ಆಡಿಸುತ್ತದೆ, ಗುಲ್ಮವಾದರೆ ಇಡೀ ಉಂಡೆಯೇ ಒಟ್ಟಾಗಿ ಮಿಸುಕುತ್ತದೆ ಎಂಬ ಗುರುತನ್ನು ಹೇಳಿದ್ದಾರೆ. ಇಷ್ಟು ಹೇಳಿಯೂ, ಹತ್ತು ತಿಂಗಳು ಕಳೆಯುವವರೆಗೆ ಅದಕ್ಕೆ ಚಿಕಿತ್ಸೆ ಮಾಡಬಾರದು ಎಂದು ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. ಯಾಕೆಂದರೆ ಗುಲ್ಮವೆಂದು ತಿಳಿದು ಮದ್ದು ಕೊಟ್ಟು, ಒಳಗಿರುವುದು ಮಗುವಾಗಿದ್ದರೆ? ಒಳಗೆ ನೋಡುವ ದಾರಿಯಿಲ್ಲದ ಕಾಲದಲ್ಲಿ ಕಾಯುವುದೇ ಪರೀಕ್ಷೆಯಾಗಿತ್ತು. ಅದರಲ್ಲಿ ಎಷ್ಟು ದೊಡ್ಡ ವಿವೇಕವಿದೆ ಎಂಬುದನ್ನು ಮುಂದಿನ ಕಥೆ ಕೇಳಿದರೆ ತಿಳಿಯುತ್ತದೆ.

ಕಥೆ ನಡೆದದ್ದು 1809ರ ಡಿಸೆಂಬರಿನಲ್ಲಿ, ಅಮೆರಿಕದ ಕೆಂಟಕಿ ಎಂಬಲ್ಲಿ. ಜೇನ್ ಟಾಡ್ ಕ್ರಾಫರ್ಡ್ ಎಂಬ ಹೆಂಗಸಿನ ಹೊಟ್ಟೆ ಬಹಳ ದೊಡ್ಡದಾಗಿ ಬೆಳೆದಿತ್ತು. ದಿನ ತುಂಬಿದೆ, ಅವಳಿ ಮಕ್ಕಳಿರಬೇಕು ಎಂದು ನೋಡಿದ ವೈದ್ಯರು ತಿಳಿದಿದ್ದರು. ದಿನ ಮೀರಿದರೂ ಹೆರಿಗೆಯಾಗಲಿಲ್ಲ. ಡಾಕ್ಟರ್ ಎಫ್ರೇಮ್ ಮ್ಯಾಕ್‌ಡವೆಲ್ ಎಂಬವರನ್ನು ಕರೆಸಿದರು. ಅವರು ಪರೀಕ್ಷಿಸಿ, ‘ಇದು ಬಸಿರಲ್ಲ, ಅಂಡಾಶಯದ ಗಡ್ಡೆ. ಹೊಟ್ಟೆ ಕೊಯ್ದು ಇಂಥದ್ದನ್ನು ತೆಗೆದು ಬದುಕಿಸಿದವರು ಈವರೆಗೆ ಯಾರೂ ಇಲ್ಲ. ನೀವು ಒಪ್ಪಿದರೆ ಪ್ರಯತ್ನ ಮಾಡುತ್ತೇನೆ’ ಎಂಬರ್ಥದ ಮಾತು ಹೇಳಿದರು. ಆಕೆ ಒಪ್ಪಿ, ಸುಮಾರು ಅರವತ್ತು ಮೈಲಿ ದೂರ ಕುದುರೆಯ ಮೇಲೆ ಪ್ರಯಾಣ ಮಾಡಿ ಡ್ಯಾನ್‌ವಿಲ್ ಊರಿನ ವೈದ್ಯರ ಮನೆಗೆ ಬಂದರು. ಅರಿವಳಿಕೆ ಮದ್ದು ಬಳಕೆಗೆ ಬಂದದ್ದು 1846ರಲ್ಲಿ. ಹಾಗಾಗಿ ಆ ತಾಯಿ ಎಚ್ಚರವಾಗಿಯೇ, ದೇವರ ಕೀರ್ತನೆ ಹೇಳಿಕೊಳ್ಳುತ್ತಾ, ಸುಮಾರು ಇಪ್ಪತ್ತೈದು ನಿಮಿಷ ಆ ಕೊಯ್ತವನ್ನು ಸಹಿಸಿದರು. ತೆಗೆದ ಗಡ್ಡೆಯ ತೂಕ ಇಪ್ಪತ್ತೆರಡೂವರೆ ಪೌಂಡು, ಅಂದರೆ ನಮ್ಮ ಲೆಕ್ಕದಲ್ಲಿ ಹತ್ತು ಕಿಲೋ. ಅದರಲ್ಲಿ ಹೆಚ್ಚಿನ ಪಾಲು ಗಂಜಿಯಂಥ ಲೋಳೆ. ಐದನೆಯ ದಿನ ವೈದ್ಯರು ನೋಡಲು ಹೋದರೆ ಆಕೆ ಎದ್ದು ತನ್ನ ಹಾಸಿಗೆಯನ್ನು ತಾನೇ ಸರಿಮಾಡುತ್ತಿದ್ದರಂತೆ! ಆಮೇಲೆ ಮೂವತ್ತೆರಡು ವರ್ಷ ಬಾಳಿದರು. ಕ್ಯಾನ್ಸರ್ ಆಗಿದ್ದರೆ ಅಷ್ಟು ಬಾಳುವುದು ಸಾಧ್ಯವಿತ್ತೇ?

ಹೀಗೆ ಒಬ್ಬರು ಬದುಕಿದರು, ನಿಜ. ಆದರೆ ಒಳಗೇನಿದೆ ಎಂದು ತಿಳಿಯಲು ಪ್ರತಿಯೊಬ್ಬರ ಹೊಟ್ಟೆ ಕೊಯ್ಯಲಾಗುತ್ತದೆಯೇ? ಕೊಯ್ಯದೆ ತಿಳಿಯುವ ಉಪಾಯವನ್ನು ಕೊಟ್ಟದ್ದು ಒಬ್ಬ ಹೋಟೆಲಿನವನ ಮಗ.

ಆಸ್ಟ್ರಿಯಾ ದೇಶದ ಲಿಯೊಪೋಲ್ಡ್ ಔಯೆನ್‌ಬ್ರುಗ್ಗರ್ ಹುಟ್ಟಿದ್ದು 1722ರಲ್ಲಿ. ತಂದೆಯದು ವಸತಿಗೃಹ. ದ್ರಾಕ್ಷಾರಸದ ಪೀಪಾಯಿ ಎಷ್ಟು ತುಂಬಿದೆ, ಎಷ್ಟು ಬರಿದಾಗಿದೆ ಎಂದು ಬೆರಳಿನಿಂದ ತಟ್ಟಿ ಸದ್ದಿನಿಂದಲೇ ಹೇಳುವುದನ್ನು ಹುಡುಗ ಅಲ್ಲಿ ಕಲಿತನೆಂದು ಹೇಳುತ್ತಾರೆ. ದೊಡ್ಡವನಾಗಿ ವೈದ್ಯನಾದ ಮೇಲೆ ಅದೇ ಉಪಾಯವನ್ನು ರೋಗಿಯ ಎದೆಯ ಮೇಲೆ ಮಾಡಿ ನೋಡಿ, 1761ರಲ್ಲಿ ಪುಸ್ತಕ ಬರೆದ. ಸುಮಾರು ನಲವತ್ತೇಳು ವರ್ಷ ಅದನ್ನು ಹೆಚ್ಚಿನವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. 1808ರಲ್ಲಿ ನೆಪೋಲಿಯನ್ನನ ವೈದ್ಯ ಕಾರ್ವಿಸಾರ್ ಅದನ್ನು ಫ್ರೆಂಚ್ ಭಾಷೆಗೆ ತಂದ ಮೇಲೆ ಜಗತ್ತು ಒಪ್ಪಿತು. ಇದರಲ್ಲಿ ನಮಗೆ ಆಶ್ಚರ್ಯವೇನೂ ಇಲ್ಲ. ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸು ತಟ್ಟಿ ನೋಡದೆ ಕೊಳ್ಳುತ್ತಾಳೆಯೇ? ಹಲಸಿನಹಣ್ಣನ್ನು ಬಡಿದು ನೋಡದವರುಂಟೇ? ಬೆಳ್ಳಿ ರೂಪಾಯಿಯ ಕಾಲದಲ್ಲಿ ಸಾಹುಕಾರರು ನಾಣ್ಯವನ್ನು ಕಲ್ಲಿನ ಮೇಲೆ ಹಾಕಿ ದನಿ ಕೇಳಿಯೇ ಪೆಟ್ಟಿಗೆಗೆ ಹಾಕುತ್ತಿದ್ದರು.

ಹೊಟ್ಟೆಗೂ ಈ ತಟ್ಟುವ ಪರೀಕ್ಷೆ ಬಂತು. ಗಾಳಿ ಇರುವ ಕಡೆ ತಮಟೆಯಂತೆ ಸದ್ದು, ನೀರು ಅಥವಾ ಗಟ್ಟಿ ವಸ್ತು ಇರುವ ಕಡೆ ಮಂದ ಸದ್ದು. ಇಲ್ಲೊಂದು ಸೊಗಸಾದ ಲೆಕ್ಕವಿದೆ, ಕೇಳಿ. ಜಲೋದರದಲ್ಲಿ ಹೊಟ್ಟೆಯ ತುಂಬ ಬಿಡಿ ನೀರು ಇರುತ್ತದೆ. ಮಲಗಿದಾಗ ಕರುಳು ಆ ನೀರಿನ ಮೇಲೆ ತೇಲಿ ನಡುವಿಗೆ ಬರುತ್ತದೆ. ಆದ್ದರಿಂದ ನಡುವೆ ತಮಟೆಯ ಸದ್ದು, ಪಕ್ಕೆಗಳಲ್ಲಿ ಮಂದ ಸದ್ದು. ಅದೇ ಅಂಡಾಶಯದಿಂದ ಎದ್ದ ದೊಡ್ಡ ನೀರುಚೀಲವಾದರೆ ಅದು ನಡುವೆ ಕೂತು ಕರುಳನ್ನು ಪಕ್ಕಕ್ಕೆ ತಳ್ಳುತ್ತದೆ. ಆಗ ಸದ್ದು ತಿರುಗುಮುರುಗು. ವೈದ್ಯರು ಹೊಟ್ಟೆಯ ಮೇಲೆ ಬೆರಳಿಟ್ಟು ಇನ್ನೊಂದು ಬೆರಳಿನಿಂದ ಟಕ್ ಟಕ್ ಎಂದು ತಟ್ಟುವುದನ್ನು ನೀವು ನೋಡಿರುತ್ತೀರಿ. ಅವರು ಕೇಳುತ್ತಿರುವುದು ಇದನ್ನೇ.

ಆದರೆ ಬೆರಳಿಗೂ ಕಿವಿಗೂ ಮಿತಿಯಿದೆ. ತುಂಬಿದ ಮೂತ್ರಕೋಶ, ಹಲವು ದಿನ ಕಟ್ಟಿದ ಮಲ, ಇವೂ ಕೈಗೆ ಗಡ್ಡೆಯಂತೆಯೇ ಸಿಗುತ್ತವೆ. ಆದ್ದರಿಂದಲೇ ಒಳ್ಳೆಯ ವೈದ್ಯರು ‘ಮೊದಲು ಮೂತ್ರ ಮಾಡಿ ಬಾರಮ್ಮ’ ಎಂದು ಕಳಿಸಿ ಆಮೇಲೆ ಹೊಟ್ಟೆ ಮುಟ್ಟುತ್ತಾರೆ. 1895ರಲ್ಲಿ ರಾಂಟ್‌ಜನ್ ಕ್ಷ-ಕಿರಣ ಕಂಡುಹಿಡಿದರು. ಅದು ಎಲುಬಿಗೆ ಚೆನ್ನಾಯಿತು. ಹೊಟ್ಟೆಯ ಮೆತ್ತನೆಯ ಅಂಗಗಳಲ್ಲಿ ಅದು ತೋರಿಸುವುದು ನೆರಳನ್ನು. ನೆರಳು ನೀರಿನದೋ ಮಾಂಸದ್ದೋ ಎಂದು ಹೇಳುವುದು ಕಷ್ಟವಾಯಿತು.

ಈಗ ಕಥೆ ಸಮುದ್ರಕ್ಕೆ ಹೋಗುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ನೀರೊಳಗಿನ ಜಲಾಂತರ್ಗಾಮಿ ಹಡಗುಗಳನ್ನು ಪತ್ತೆ ಮಾಡಲು ಫ್ರಾನ್ಸಿನ ಪಾಲ್ ಲ್ಯಾಂಜೆವಿನ್ ಮೊದಲಾದವರು ಮನುಷ್ಯನ ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ದನಿಯನ್ನು ನೀರಿಗೆ ಬಿಟ್ಟು, ಅದು ಬಡಿದು ಹಿಂದಿರುಗುವ ಪ್ರತಿಧ್ವನಿಯನ್ನು ಹಿಡಿದರು. ಮುಂದೆ ಕಾರ್ಖಾನೆಯವರು ಇದೇ ದನಿಯನ್ನು ಕಬ್ಬಿಣದೊಳಗೆ ಬಿಟ್ಟು ಬಿರುಕು ಹುಡುಕಿದರು. ಮಡಕೆ ತಟ್ಟುವ ಕೆಲಸವೇ, ಯಂತ್ರದಿಂದ. ಆಸ್ಟ್ರಿಯಾದ ಕಾರ್ಲ್ ಡುಸಿಕ್ 1942ರಲ್ಲಿ ಮಿದುಳಿನ ಪರೀಕ್ಷೆಗೆ ಇದನ್ನು ಬಳಸಲು ಹೊರಟರು. ಅಮೆರಿಕದಲ್ಲೂ ಕೆಲವರು ಪ್ರಯೋಗ ಮಾಡಿದರು. ಹೊಟ್ಟೆಯ ಗಡ್ಡೆಗಳ ಮಟ್ಟಿಗೆ ದಾರಿ ತೆರೆದವರು ಸ್ಕಾಟ್‌ಲೆಂಡಿನ ಗ್ಲ್ಯಾಸ್ಗೋ ನಗರದ ಪ್ರೊಫೆಸರ್ ಇಯಾನ್ ಡೊನಾಲ್ಡ್.

ಡೊನಾಲ್ಡ್ ಹೆರಿಗೆ ಮತ್ತು ಸ್ತ್ರೀರೋಗಗಳ ವೈದ್ಯರು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ಕೆಲಸ ಮಾಡಿದ್ದರಿಂದ ರೇಡಾರ್ ಮೊದಲಾದ ಯಂತ್ರಗಳ ಪರಿಚಯವಿತ್ತು. ಅವರ ರೋಗಿಯೊಬ್ಬರ ಪತಿ ಬಾಯ್ಲರ್ ತಯಾರಿಸುವ ಕಂಪನಿಯ ಅಧಿಕಾರಿ. ಅವರ ಮೂಲಕ ಕಾರ್ಖಾನೆಯಲ್ಲಿ ಬಿರುಕು ಹುಡುಕುವ ಯಂತ್ರವನ್ನು ನೋಡಲು ಅವಕಾಶ ಸಿಕ್ಕಿತು. 1955ರ ಜುಲೈ 21ರಂದು ಡೊನಾಲ್ಡ್ ಏನು ಮಾಡಿದರು ಗೊತ್ತೇ? ಆಪರೇಷನ್ನಿನಲ್ಲಿ ತೆಗೆದ ಗರ್ಭಕೋಶದ ಗಡ್ಡೆಗಳನ್ನೂ ಅಂಡಾಶಯದ ನೀರುಚೀಲಗಳನ್ನೂ ಕಾರಿನ ಡಿಕ್ಕಿಯಲ್ಲಿ ತುಂಬಿಕೊಂಡು ಕಾರ್ಖಾನೆಗೆ ಹೋದರು! ಕಾರ್ಖಾನೆಯವರು ಹೋಲಿಸಿ ನೋಡಲು ಒಂದು ದೊಡ್ಡ ಮಾಂಸದ ತುಂಡನ್ನು ತಂದಿಟ್ಟಿದ್ದರು. ಯಂತ್ರ ಹಚ್ಚಿದರೆ ವ್ಯತ್ಯಾಸ ಸ್ಪಷ್ಟ. ನೀರುಚೀಲದಲ್ಲಿ ದನಿ ಎಲ್ಲೂ ತಡೆಯದೆ ಹೋಗಿ ಆಚೆ ಗೋಡೆಗೆ ಬಡಿದು ಹಿಂದಿರುಗಿತು. ಗಟ್ಟಿ ಗಡ್ಡೆಯಲ್ಲಿ ಹೆಜ್ಜೆ ಹೆಜ್ಜೆಗೂ ಸಿಕ್ಕಿಬಿದ್ದು ಕ್ಷೀಣವಾಯಿತು. ನೀರಿನದೋ ಗಟ್ಟಿಯದೋ ಎಂದು ಕೊಯ್ಯದೆ ಹೇಳುವ ಉಪಾಯ ಅವತ್ತು ಕೈಗೆ ಬಂತು. ಆಮೇಲೆ ಟಾಮ್ ಬ್ರೌನ್ ಎಂಬ ಯುವ ಎಂಜಿನಿಯರ್, ಜಾನ್ ಮ್ಯಾಕ್‌ವಿಕಾರ್ ಎಂಬ ಕಿರಿಯ ವೈದ್ಯರು ಜೊತೆಗೂಡಿದರು. ರೋಗಿಯ ಹೊಟ್ಟೆಗೆ ಎಣ್ಣೆ ಸವರಿ ಯಂತ್ರವನ್ನು ಆಡಿಸಿ ನೋಡತೊಡಗಿದರು. ಮೊದಮೊದಲು ಇದನ್ನು ಹುಚ್ಚಾಟ ಎಂದವರೇ ಹೆಚ್ಚು.

ಆ ಬಾಯಿಗಳನ್ನು ಮುಚ್ಚಿಸಿದ್ದು ಒಬ್ಬ ಹೆಂಗಸಿನ ಪ್ರಕರಣ. ಆಕೆಗೆ ವಾಂತಿ, ದಿನದಿನಕ್ಕೆ ಇಳಿಯುವ ಮೈ, ಉಬ್ಬಿದ ಹೊಟ್ಟೆ. ಕ್ಷ-ಕಿರಣದ ಚಿತ್ರ ನೋಡಿ ಜಠರದ ಕ್ಯಾನ್ಸರ್ ಎಂದೂ, ಉಬ್ಬಿರುವುದು ಅದರಿಂದಾದ ಜಲೋದರವೆಂದೂ ತೀರ್ಮಾನವಾಗಿತ್ತು. ಆಪರೇಷನ್ನಿನಿಂದಲೂ ಪ್ರಯೋಜನವಿಲ್ಲ, ಇನ್ನು ಕೆಲವೇ ದಿನ ಎಂದು ಕೈಬಿಟ್ಟಿದ್ದರು. ಜಲೋದರ ಯಂತ್ರದಲ್ಲಿ ಹೇಗೆ ಕಾಣುತ್ತದೆ ನೋಡೋಣ ಎಂದು ಡೊನಾಲ್ಡರ ತಂಡದವರನ್ನು ಕರೆದರು. ಅವರು ಯಂತ್ರ ಇಟ್ಟು ನೋಡಿದರೆ ತೇಲುವ ಕರುಳಿನ ಗುರುತೇ ಇಲ್ಲ. ಒಂದು ದೊಡ್ಡ ಬಯಲು, ಅದರಾಚೆ ಒಂದು ಗೋಡೆ. ‘ಇದು ಬಿಡಿ ನೀರಲ್ಲ, ಚೀಲ’ ಎಂದರು. ಹೊಟ್ಟೆ ತೆರೆದಾಗ ಸಿಕ್ಕಿದ್ದು ಅಂಡಾಶಯದ ಭಾರಿ ನೀರುಚೀಲ, ಕ್ಯಾನ್ಸರ್ ಅಲ್ಲದ್ದು. ತೆಗೆದರು. ಸಾಯುತ್ತಾರೆ ಎಂದುಕೊಂಡಿದ್ದ ಆಕೆ ಗುಣವಾಗಿ ಮನೆಗೆ ಹೋದರು. 1958ರ ಜೂನ್ 7ರ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಡೊನಾಲ್ಡ್, ಮ್ಯಾಕ್‌ವಿಕಾರ್, ಬ್ರೌನ್ ಮೂವರ ಹೆಸರಿನಲ್ಲಿ ಲೇಖನ ಬಂತು. ವಿಷಯ ಹೊಟ್ಟೆಯ ಗಡ್ಡೆಗಳನ್ನು ದನಿಯಿಂದ ಪರೀಕ್ಷಿಸುವುದು. ಇವತ್ತು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲೂ ‘ಸ್ಕ್ಯಾನಿಂಗ್’ ಎಂದು ನಾವು ಕರೆಯುವುದರ ಬೇರು ಅಲ್ಲಿದೆ. ಮುಂದೆ ಇಂಗ್ಲೆಂಡಿನ ಹೌನ್ಸ್‌ಫೀಲ್ಡ್ ಸಿ.ಟಿ. ಸ್ಕ್ಯಾನ್ ಮಾಡಿದರು. 1971ರಲ್ಲಿ ಮೊದಲ ರೋಗಿಯ ತಲೆಯನ್ನು ಅದರಲ್ಲಿ ನೋಡಿದರು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಹುಮಾನ ಬಂತು.

ಇನ್ನು ನಮ್ಮ ಸೀಮೆಗೆ ಬರೋಣ. ರಾಯದುರ್ಗ, ಮಡಕಶಿರಾ ಸೀಮೆ ಎಂದರೆ ಕುರಿಗಳ ಸೀಮೆ. ಕುರಿ ಇದ್ದಲ್ಲಿ ನಾಯಿ. ಈ ಎರಡರ ನಡುವೆ ಓಡಾಡುವ ಒಂದು ಸಣ್ಣ ಲಾಡಿಹುಳು ಇದೆ. ನಾಯಿಯ ಕರುಳಿನಲ್ಲಿ ಅದರ ವಾಸ. ಮೊಟ್ಟೆ ನಾಯಿಯ ಮಲದಲ್ಲಿ ಹೊರಬಂದು ಹುಲ್ಲಿಗೆ, ಸೊಪ್ಪಿಗೆ, ನೀರಿಗೆ, ನಾಯಿಯ ಮೈಗೂದಲಿಗೆ ಅಂಟುತ್ತದೆ. ಕುರಿಯ ಹೊಟ್ಟೆಗೆ ಹೋದರೆ ಅಲ್ಲಿ ನೀರುಚೀಲವಾಗುತ್ತದೆ. ಆ ಕುರಿಯ ಕರುಳು, ಈಲಿಯನ್ನು ನಾಯಿ ತಿಂದರೆ ಮತ್ತೆ ಹುಳು. ಕೈ ತೊಳೆಯದೆ ಉಣ್ಣುವ ಮನುಷ್ಯನ ಹೊಟ್ಟೆಗೆ ಹೋದರೆ ಅವನ ಈಲಿಯಲ್ಲೂ ಚೀಲ ಕಟ್ಟುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಒಂದು ದಿನ ಗಡ್ಡೆಯಾಗಿ ಕೈಗೆ ಸಿಗುತ್ತದೆ. ವೈದ್ಯರು ಇದನ್ನು ಹೈಡಾಟಿಡ್ ಸಿಸ್ಟ್ ಎನ್ನುತ್ತಾರೆ. ಭಾರತದಲ್ಲಿ ಆಂಧ್ರ, ತಮಿಳುನಾಡುಗಳಿಂದ ಇದರ ವರದಿಗಳು ಹೆಚ್ಚು.

ನಮ್ಮ ಕಡೆಯ ಒಬ್ಬ ತಾಯಿ ಗಂಡನ ಚಿಕಿತ್ಸೆಗೆಂದು ಬಳೆ ಅಡವಿಡಲು ಬಂದದ್ದು ನನಗೆ ನೆನಪಿದೆ. ಈಲಿಯಲ್ಲಿ ಗಡ್ಡೆ ಎಂದು ಯಾರೋ ಹೇಳಿದ್ದೇ ತಡ, ಮನೆಯವರು ಕ್ಯಾನ್ಸರ್ ಎಂದು ನಿಶ್ಚಯಿಸಿಕೊಂಡು ಕುರಿಗಳನ್ನೆಲ್ಲ ಮಾರಿಬಿಟ್ಟಿದ್ದರು. ದೊಡ್ಡ ಆಸ್ಪತ್ರೆಯಲ್ಲಿ ನೋಡಿದಾಗ ಅದು ಈ ನೀರುಚೀಲ. ಆ ಗಂಡಸು ಗುಣವಾದ. ‘ಬಳೆ ವಾಪಸು ಬಂತು ಸಾರ್, ಕುರಿ ಬರಲಿಲ್ಲ’ ಎಂದಳು ಆ ತಾಯಿ. ಹೆಸರು ತಿಳಿಯುವ ಮೊದಲೇ ಹೆದರಿದ್ದಕ್ಕೆ ತೆತ್ತ ಬೆಲೆ ಅದು.

ಈ ಹುಳುವಿನ ಗುಟ್ಟು ಬಯಲಾದದ್ದೂ ಒಂದು ಚರಿತ್ರೆ. 1853ರಲ್ಲಿ ಜರ್ಮನಿಯ ಫಾನ್ ಸೀಬೋಲ್ಡ್ ಕುರಿಯ ಚೀಲಗಳನ್ನು ನಾಯಿಗಳಿಗೆ ತಿನ್ನಿಸಿ, ಅವುಗಳ ಕರುಳಿನಲ್ಲಿ ಹುಳು ಬೆಳೆಯುವುದನ್ನು ತೋರಿಸಿದರು. ಆಗ ಐಸ್‌ಲೆಂಡ್ ದ್ವೀಪದಲ್ಲಿ ಈ ರೋಗ ವಿಪರೀತ. ಡೆನ್ಮಾರ್ಕಿನ ಹರಾಲ್ಡ್ ಕ್ರಾಬೆ 1863ರಲ್ಲಿ ಅಲ್ಲಿಗೆ ಹೋಗಿ ನಾಯಿ ಕುರಿಗಳನ್ನು ಪರೀಕ್ಷಿಸಿ, ಜನರಿಗೆ ಅರ್ಥವಾಗುವಂತೆ ಒಂದು ಸಣ್ಣ ಪುಸ್ತಕ ಬರೆದರು. ಅದನ್ನು ಉಚಿತವಾಗಿ ಹಂಚಿದರು. 1869ರಲ್ಲಿ ನಾಯಿಗಳ ಬಗ್ಗೆ ಕಾನೂನಾಯಿತು. ಕುರಿ ಕೊಯ್ದಾಗ ಸಿಗುವ ಚೀಲಗಳನ್ನು ನಾಯಿಗೆ ಸಿಗದಂತೆ ಸುಡುವುದು, ಹೂಳುವುದು ರೂಢಿಯಾಯಿತು. ಕಾಲಕ್ರಮದಲ್ಲಿ ಆ ದ್ವೀಪದಿಂದ ರೋಗವೇ ತೊಲಗಿತು. ಆಪರೇಷನ್ನಿಗಿಂತ ಹೆಚ್ಚು ಜನರನ್ನು ಉಳಿಸಿದ್ದು ಆ ಸಣ್ಣ ಪುಸ್ತಕ ಎಂದರೆ ತಪ್ಪಾಗಲಾರದು. ಇನ್ನೊಂದು ಮಾತು. ಈ ಚೀಲಕ್ಕೆ ಗೊತ್ತಿಲ್ಲದೆ ಸೂಜಿ ಚುಚ್ಚಿದರೆ ಒಳಗಿನ ನೀರು ಸೋರಿ ಪ್ರಾಣಕ್ಕೇ ಅಪಾಯ ಬರಬಹುದು. ಆದ್ದರಿಂದ ಸ್ಕ್ಯಾನಿಂಗಿನಲ್ಲಿ ಇದನ್ನು ಗುರುತಿಸುವುದು ಬಹಳ ಮುಖ್ಯ. 1981ರಲ್ಲಿ ಟ್ಯುನೀಷಿಯಾದ ಡಾಕ್ಟರ್ ಘರ್ಬಿ ಮತ್ತು ಸಂಗಡಿಗರು, ಈ ಚೀಲಗಳು ಸ್ಕ್ಯಾನಿಂಗಿನಲ್ಲಿ ಐದು ಬಗೆಯಾಗಿ ಕಾಣುತ್ತವೆ ಎಂದು ವಿಂಗಡಿಸಿ ಕೊಟ್ಟರು. ಅವುಗಳಲ್ಲಿ ಒಂದು ಬಗೆ ಗಟ್ಟಿ ಗಡ್ಡೆಯಂತೆಯೇ ಕಾಣುತ್ತದೆ. ತಿಳಿದವರೂ ಮೋಸಹೋಗುವುದು ಅಲ್ಲಿಯೇ.

ಎರಡನೆಯ ವೇಷಧಾರಿ ಕ್ಷಯ. ಕ್ಷಯ ಎಂದರೆ ಎದೆಯದು, ಕೆಮ್ಮಿನದು ಎಂದು ನಾವು ತಿಳಿದಿದ್ದೇವೆ. ಅದು ಹೊಟ್ಟೆಗೂ ಬರುತ್ತದೆ. ಕರುಳು, ಗ್ರಂಥಿಗಳು ಒಂದಕ್ಕೊಂದು ಅಂಟಿ ಗಡ್ಡೆಯಾಗುತ್ತದೆ, ನೀರು ತುಂಬುತ್ತದೆ, ಮೈ ಇಳಿಯುತ್ತದೆ. ಹೆಂಗಸರಲ್ಲಿ ಇದು ಅಂಡಾಶಯದ ಕ್ಯಾನ್ಸರಿನಂತೆಯೇ ಕಾಣುತ್ತದೆ. ಆ ಕ್ಯಾನ್ಸರಿನ ಗುರುತಿಗೆಂದು ಮಾಡುವ ಸಿ.ಎ. 125 ಎಂಬ ರಕ್ತಪರೀಕ್ಷೆಯ ಅಂಕಿ ಕ್ಷಯದಲ್ಲೂ ಏರುತ್ತದೆ. ಇಂಥ ಕಡೆ ಯಂತ್ರವೂ ರಕ್ತವೂ ಕೊನೆಯ ಮಾತು ಹೇಳಲಾರವು. ಒಂದು ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ರೋಗವನ್ನು ಜೀವಕೋಶದಲ್ಲಿ ಹುಡುಕಬೇಕು ಎಂದು ಜರ್ಮನಿಯ ವಿರ್ಕೊ 1858ರಲ್ಲೇ ಹೇಳಿದ್ದರು. ಸಣ್ಣ ರಂಧ್ರದಿಂದ ಕೊಳವೆ ಇಳಿಸಿ ಮನುಷ್ಯರ ಹೊಟ್ಟೆಯೊಳಗೆ ನೋಡುವ ಕ್ರಮವನ್ನು ಸ್ವೀಡನ್ನಿನ ಯಾಕೊಬೆಯುಸ್ 1910ರಲ್ಲಿ ಪ್ರಕಟಿಸಿದರು. ಕ್ಷಯವೆಂದು ಖಚಿತವಾದರೆ ಸರ್ಕಾರ ಪುಕ್ಕಟೆ ಕೊಡುವ ಮಾತ್ರೆಗಳನ್ನು ತಿಂಗಳುಗಟ್ಟಲೆ ಬಿಡದೆ ನುಂಗಿದರೆ ಗಡ್ಡೆ ಕರಗುತ್ತದೆ.

ಇನ್ನೂ ಅಪರೂಪದವು ಇವೆ. 1937ರಲ್ಲಿ ಅಮೆರಿಕದ ಜೋ ಮೀಗ್ಸ್ ಮತ್ತು ಜಾನ್ ಕ್ಯಾಸ್ ಒಂದು ವಿಚಿತ್ರವನ್ನು ವಿವರಿಸಿದರು. ಅಂಡಾಶಯದಲ್ಲಿ ಗಟ್ಟಿ ಗಡ್ಡೆ, ಹೊಟ್ಟೆಯಲ್ಲಿ ನೀರು, ಎದೆಗೂಡಿನಲ್ಲೂ ನೀರು. ಎಲ್ಲೆಡೆ ಹರಡಿದ ಕ್ಯಾನ್ಸರ್ ಎಂದೇ ಯಾರಾದರೂ ಹೇಳುವಂಥ ಸ್ಥಿತಿ. ಆದರೆ ಆ ಗಡ್ಡೆ ನಿರುಪದ್ರವಿ. ಅದೊಂದನ್ನು ತೆಗೆದರೆ ಎರಡು ಕಡೆಯ ನೀರೂ ತಾನಾಗಿ ಮಾಯವಾಗುತ್ತದೆ. ತಲೆಗೂದಲು ತಿನ್ನುವ ಅಭ್ಯಾಸವಿರುವ ಹುಡುಗಿಯರ ಜಠರದಲ್ಲಿ ಕೂದಲಿನ ಉಂಡೆ ಕಟ್ಟಿ ಗಡ್ಡೆಯಂತೆ ಸಿಗುವುದೂ ಉಂಟು. ಹಿಂದೆ ಏಟು ಬಿದ್ದು ಗುಲ್ಮ ಒಡೆದಿದ್ದವರಲ್ಲಿ (ಈ ಗುಲ್ಮ ಚರಕರು ಹೇಳಿದ ರೋಗವಲ್ಲ, ಎಡಪಕ್ಕೆಯೊಳಗಿನ ಅಂಗ) ಅದರ ಚೂರುಗಳು ಹೊಟ್ಟೆಯಲ್ಲಿ ಅಲ್ಲಲ್ಲಿ ಬೇರೂರಿ, ವರ್ಷಗಳ ಮೇಲೆ ಗಡ್ಡೆಗಳಂತೆ ಕಾಣುವುದೂ ಉಂಟು. ಹಳೆಯ ಏಟಿನ ಕಥೆಯನ್ನು ವೈದ್ಯರಿಗೆ ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ?

ಡೊನಾಲ್ಡರ ಯಂತ್ರಕ್ಕೆ ನಮ್ಮ ದೇಶದಲ್ಲಿ ಕೆಟ್ಟ ಹೆಸರೂ ಬಂತು. ಹೆಣ್ಣು ಕೂಸನ್ನು ಹುಡುಕಿ ಕೊಲ್ಲಲು ಅದನ್ನು ಬಳಸಿದರು. ಅದನ್ನು ತಡೆಯಲು 1994ರಲ್ಲಿ ಕಾನೂನು ಮಾಡಬೇಕಾಯಿತು, 1996ರಲ್ಲಿ ಅದು ಜಾರಿಗೆ ಬಂತು. ಒಬ್ಬ ಹೆಂಗಸಿನ ಪ್ರಾಣ ಉಳಿಸಿ ಹೆಸರಾದ ಯಂತ್ರವನ್ನು ಹೆಣ್ಣಿನ ಪ್ರಾಣಕ್ಕೇ ತಿರುಗಿಸಿದ್ದು ನಮ್ಮ ಪಾಲಿನ ನಾಚಿಕೆ.

ಕೇಳುಗ ಬಂಧುಗಳೇ, ಈ ಚರಿತ್ರೆಯಿಂದ ನಾವು ಎತ್ತಿಕೊಳ್ಳಬೇಕಾದದ್ದು ಏನು? ಗಡ್ಡೆ ಎಂದ ಕೂಡಲೆ ಕುರಿ, ಹೊಲ ಮಾರಬೇಡಿ. ಹಾಗೆಂದು ‘ಎಲ್ಲವೂ ನೀರುಚೀಲವೇ’ ಎಂದು ಮನೆಯಲ್ಲೂ ಕೂರಬೇಡಿ. ಕೆಲವು ನಿಜವಾಗಿಯೂ ಕ್ಯಾನ್ಸರ್ ಆಗಿರುತ್ತವೆ. ಅವುಗಳಲ್ಲೂ ಬೇಗ ತಿಳಿದವುಗಳಿಗೆ ಚಿಕಿತ್ಸೆ ಸುಲಭ. ಭಸ್ಮ, ತಾಯಿತ ಎಂದು ಆರು ತಿಂಗಳು ಕಳೆಯುವುದೂ ಹೆದರಿ ಮನೆ ಮಾರುವುದೂ ಎರಡೂ ನಷ್ಟವೇ. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ, ಲೆಕ್ಕ ತಾಳೆಯಾಗುವ ಮೊದಲು ಪುಸ್ತಕ ಮುಚ್ಚಬಾರದು.

ವೈದ್ಯರನ್ನು ಮೂರು ಮಾತು ಕೇಳಿ. ಒಂದು, ಇದು ನೀರಿನದೋ ಗಟ್ಟಿಯದೋ? ಎರಡು, ಯಾವ ಅಂಗದಿಂದ ಎದ್ದಿದೆ? ಮೂರು, ತುಣುಕು ಪರೀಕ್ಷೆ ಬೇಕೇ, ಆಗಿದ್ದರೆ ಏನು ಬಂದಿದೆ? ಅವರು ತೆಲುಗಿನಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ ಹೇಳಲಿ, ಎರಡು ಭಾಷೆ ಬಲ್ಲ ನಮಗೆ ಅದು ಅಡ್ಡಿಯಲ್ಲ. ಆದರೆ ಮನೆಯ ಹಿರಿಯರಿಗೆ ಕನ್ನಡದಲ್ಲಿ ತಿಳಿಸುವಾಗ ಅವರು ಹೇಳಿದಷ್ಟನ್ನೇ ಹೇಳಿ. ಗಾಠ ಎಂದದ್ದನ್ನು ಗಂಟು ಎಂದೇ ಹೇಳಿ, ಕ್ಯಾನ್ಸರ್ ಎಂದು ಸೇರಿಸಬೇಡಿ. ಸ್ಕ್ಯಾನಿಂಗಿನ ಕಾಗದಗಳನ್ನು ಪಾಸ್‌ಬುಕ್ಕಿನಂತೆ ಜೋಪಾನವಾಗಿಡಿ. ಹಳೆಯ ಏಟು, ಹಳೆಯ ಆಪರೇಷನ್, ಮನೆಯ ನಾಯಿ ಕುರಿಗಳ ಸಂಗತಿ, ಯಾವುದನ್ನೂ ಮುಚ್ಚಿಡಬೇಡಿ. ಕುರಿ ಕೊಯ್ದಾಗ ಸಿಕ್ಕ ನೀರುಗುಳ್ಳೆಯನ್ನು ನಾಯಿಗೆ ಎಸೆಯದೆ ಆಳವಾಗಿ ಹೂಳಿ. ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಪೀಪಾಯಿ ತಟ್ಟಿದ ಹುಡುಗನಿಂದ ಹಿಡಿದು ಬಾಯ್ಲರ್ ಕಾರ್ಖಾನೆಗೆ ಹೋದ ಪ್ರೊಫೆಸರರ ತನಕ ಇವರೆಲ್ಲ ಮಾಡಿದ ಕೆಲಸ ಒಂದೇ: ತೀರ್ಪು ಹೇಳುವ ಮೊದಲು ಕಿವಿಗೊಟ್ಟು ಕೇಳಿದರು. ರೇಡಿಯೊ ಕೇಳುವ ನಮಗೆ ಅದು ತಿಳಿಯದ ವಿದ್ಯೆಯೇನಲ್ಲ.